ಅಥೆನ್ಸಿಗೆ ಮುಂಚಿನ ಹತ್ತು ವರ್ಷ: ಕೆಲ್ಲಿ ಹೋಮ್ಸ್ ಓಡಿದ ದಾರಿ

1997ರ ಆಗಸ್ಟ್‌ನಲ್ಲಿ ಅಥೆನ್ಸ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆದಾಗ, ಮಹಿಳೆಯರ 1500 ಮೀಟರ್ ಓಟವನ್ನು ಗೆಲ್ಲಬಲ್ಲವರು ಯಾರೆಂಬ ಮಾತು ಬಂದರೆ ಮೊದಲು ಕೇಳಿಬರುತ್ತಿದ್ದದ್ದು ಬ್ರಿಟನ್ನಿನ ಕೆಲ್ಲಿ ಹೋಮ್ಸ್ ಅವರ ಹೆಸರು. ಕೆಲವೇ ವಾರಗಳ ಹಿಂದೆ, ಜೂನ್‌ನಲ್ಲಿ, ಅವರು ಶೆಫೀಲ್ಡ್‌ನಲ್ಲಿ 3 ನಿಮಿಷ 58.07 ಸೆಕೆಂಡುಗಳಲ್ಲಿ ಓಡಿ, ಜೋಲಾ ಬಡ್ ಹೆಸರಿನಲ್ಲಿ 1985ರಿಂದ ಇದ್ದ ಬ್ರಿಟಿಷ್ ದಾಖಲೆಯನ್ನು ಮುರಿದಿದ್ದರು. ಆದರೆ ಅಥೆನ್ಸ್‌ನಲ್ಲಿ ಅವರಿಗೆ ಫೈನಲ್ ತಲುಪುವುದೂ ಸಾಧ್ಯವಾಗಲಿಲ್ಲ. ಹೀಟ್ಸ್‌ನಲ್ಲಿ, ಅಂದರೆ ಮೊದಲ ಅರ್ಹತಾ ಸುತ್ತಿನಲ್ಲಿ, ಓಡುತ್ತಿರುವಾಗಲೇ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು, ಮೀನಖಂಡಕ್ಕೂ ಪೆಟ್ಟಾಯಿತು. ಹಲವು ವರ್ಷಗಳ ತಯಾರಿ ಮೂರು ಮುಕ್ಕಾಲು ಸುತ್ತು ಮುಗಿಯುವ ಮೊದಲೇ ನೆಲಕಚ್ಚಿತು.

ಏಳು ವರ್ಷಗಳ ನಂತರ, 2004ರ ಆಗಸ್ಟ್‌ನಲ್ಲಿ, ಅದೇ ಕ್ರೀಡಾಂಗಣದಲ್ಲಿ ಅವರು 800 ಮತ್ತು 1500 ಮೀಟರ್ ಎರಡರಲ್ಲೂ ಒಲಿಂಪಿಕ್ ಚಿನ್ನ ಗೆದ್ದರು. ಆಗ ಅವರಿಗೆ 34 ವರ್ಷ. ಜಗತ್ತಿನ ನೆನಪಿನಲ್ಲಿ ಉಳಿದಿರುವುದು ಈ ಎರಡನೆಯ ಅಥೆನ್ಸ್. ನನಗೆ ಮಾತ್ರ ಹೋಮ್ಸ್ ಅವರ ವೃತ್ತಿಜೀವನವನ್ನು ಮೊದಲನೆಯ ಅಥೆನ್ಸ್‌ನಿಂದ ನೋಡಲು ಶುರುಮಾಡುವುದೇ ಸರಿ ಎನ್ನಿಸುತ್ತದೆ. ಎರಡನೆಯದರಿಂದ ಹಿಂದಕ್ಕೆ ನೋಡಿದರೆ ಸೋಲುಗಳೆಲ್ಲ ಗೆಲುವಿನ ಮೆಟ್ಟಿಲುಗಳಾಗಿ ಕಾಣತೊಡಗುತ್ತವೆ. ಅವುಗಳನ್ನು ಅನುಭವಿಸಿದವರಿಗೆ ಆ ದಿನಗಳಲ್ಲಿ ಅವು ಯಾವುದರ ಮೆಟ್ಟಿಲೂ ಆಗಿರಲಿಲ್ಲ.

ಹೋಮ್ಸ್ ಹುಟ್ಟಿದ್ದು 1970ರ ಏಪ್ರಿಲ್ 19ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಪೆಂಬರಿಯಲ್ಲಿ. ತಂದೆ ಜಮೈಕಾದಲ್ಲಿ ಹುಟ್ಟಿದ ಕಾರು ಮೆಕ್ಯಾನಿಕ್, ತಾಯಿ ಇಂಗ್ಲಿಷ್ ಮಹಿಳೆ. ತಾಯಿ ಇನ್ನೂ ತೀರಾ ಚಿಕ್ಕವರಾಗಿದ್ದರಿಂದ ಮಗುವಿನ ಮೊದಲ ಕೆಲವು ವರ್ಷಗಳಲ್ಲಿ ಒಂದಷ್ಟು ಕಾಲ ಮಕ್ಕಳ ಪಾಲನಾಗೃಹಗಳಲ್ಲಿ ಕಳೆಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಟನ್‌ಬ್ರಿಡ್ಜ್ ಅಥ್ಲೆಟಿಕ್ಸ್ ಕ್ಲಬ್ ಸೇರಿ, ಡೇವ್ ಆರ್ನಾಲ್ಡ್ ಎಂಬ ತರಬೇತುದಾರರ ಕೈಗೆ ಬಂದರು. 1983ರಲ್ಲೇ ಇಂಗ್ಲಿಷ್ ಶಾಲಾ ಚಾಂಪಿಯನ್‌ಷಿಪ್‌ನ 1500 ಮೀಟರ್ ಗೆದ್ದರು. ಮರುವರ್ಷ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸೆಬಾಸ್ಟಿಯನ್ ಕೋ 1500 ಮೀಟರ್ ಚಿನ್ನ ಗೆಲ್ಲುವುದನ್ನು ಟಿವಿಯಲ್ಲಿ ಕಂಡು, ತಾನೂ ಒಲಿಂಪಿಕ್ ಚಾಂಪಿಯನ್ ಆಗಬೇಕೆಂದು ನಿರ್ಧರಿಸಿದೆ ಎಂದು ಮುಂದೆ ಅವರು ಅನೇಕ ಸಲ ಹೇಳಿದ್ದಾರೆ. ಆದರೆ ಹದಿನಾಲ್ಕರ ಹುಡುಗಿಗೆ ಮತ್ತೊಂದು ಆಸೆಯೂ ಇತ್ತು, ಅದು ಸೈನ್ಯ ಸೇರುವುದು. ಸಿಹಿತಿಂಡಿ ಅಂಗಡಿಯಲ್ಲಿ ಕೆಲಸ ಮಾಡಿ, ಅಂಗವಿಕಲ ರೋಗಿಗಳ ಆರೈಕೆಯಲ್ಲಿ ಸಹಾಯಕಿಯಾಗಿದ್ದು, ಹದಿನೆಂಟರ ಹೊತ್ತಿಗೆ ಅವರು ಬ್ರಿಟಿಷ್ ಸೈನ್ಯದ ಮಹಿಳಾ ದಳಕ್ಕೆ ಸೇರಿದರು. ಮೊದಲು ಲಾರಿ ಚಾಲಕಿ, ಅನಂತರ ದೈಹಿಕ ತರಬೇತಿಯ ಶಿಕ್ಷಕಿ.

ಈ ಸೈನ್ಯದ ವರ್ಷಗಳನ್ನು ಸಾಮಾನ್ಯವಾಗಿ ಒಂದೆರಡು ಸಾಲುಗಳಲ್ಲಿ ದಾಟಿಬಿಡುತ್ತಾರೆ. ಓಟಗಾರರ ಬದುಕಿನಲ್ಲಿ ಹದಿನೆಂಟರಿಂದ ಇಪ್ಪತ್ತೆರಡರವರೆಗಿನ ಕಾಲ ಎಂದರೆ ದೇಹವನ್ನು ಕಟ್ಟುವ ಕಾಲ, ಮತ್ತು ಹೋಮ್ಸ್ ಆ ಕಾಲದಲ್ಲಿ ಟ್ರ್ಯಾಕಿನ ಕಟ್ಟುನಿಟ್ಟಾದ ತರಬೇತಿಯಿಂದ ಬಹುಮಟ್ಟಿಗೆ ಹೊರಗಿದ್ದರು. ಸೈನ್ಯದ ಕ್ರೀಡಾಕೂಟಗಳಲ್ಲಿ ಓಡುತ್ತಿದ್ದರು. ಜೂಡೋದಲ್ಲಿ ಸೈನ್ಯದ ಚಾಂಪಿಯನ್ ಆಗಿದ್ದರು. ಒಂದೇ ದಿನ 800 ಮೀಟರ್, 3000 ಮೀಟರ್ ಮತ್ತು ರಿಲೇ ಮೂರರಲ್ಲೂ ಓಡಿದ್ದುಂಟು. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ನೋಡುತ್ತಿದ್ದಾಗ, ತಾನು ಹುಡುಗಿಯಾಗಿದ್ದಾಗ ಎದುರಾಳಿಯಾಗಿ ಓಡಿದ್ದ ಲೀಸಾ ಯಾರ್ಕ್ 3000 ಮೀಟರ್ ಹೀಟ್ಸ್‌ನಲ್ಲಿ ಕಾಣಿಸಿಕೊಂಡರು. ಆಕೆ ಅಲ್ಲಿರುವುದಾದರೆ ನಾನೇಕೆ ಅಲ್ಲಿರಬಾರದು ಎಂಬ ಪ್ರಶ್ನೆ ಹೋಮ್ಸ್ ಅವರನ್ನು ಮತ್ತೆ ಟ್ರ್ಯಾಕಿಗೆ ಎಳೆದು ತಂದಿತು. ಸೈನ್ಯದ ಕೆಲಸವನ್ನು ಬಿಡದೆಯೇ ಅವರು ಮರಳಿದರು. ಪೂರ್ಣಾವಧಿಯ ಓಟಗಾರ್ತಿಯಾದದ್ದು 1997ರಲ್ಲಿ, ಅಂದರೆ ಮೊದಲನೆಯ ಅಥೆನ್ಸ್‌ನ ವರ್ಷದಲ್ಲಿ.

ಮರಳಿದ ಮೇಲಿನ ವೇಗ ಬೆರಗು ಹುಟ್ಟಿಸುವಂಥದ್ದು. 1994ರಲ್ಲಿ ಹೆಲ್ಸಿಂಕಿಯ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ 1500 ಮೀಟರ್ ಬೆಳ್ಳಿ, ಅದೇ ವರ್ಷ ಕೆನಡಾದ ವಿಕ್ಟೋರಿಯಾದಲ್ಲಿ ಕಾಮನ್‌ವೆಲ್ತ್ ಚಿನ್ನ. 1995ರಲ್ಲಿ ಗೋಥೆನ್‌ಬರ್ಗ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಲ್ಜೀರಿಯಾದ ಹಸೀಬಾ ಬುಲ್ಮೆರ್ಕಾ ಅವರ ಹಿಂದೆ 1500ರಲ್ಲಿ ಬೆಳ್ಳಿ, 800ರಲ್ಲಿ ಕಂಚು. ಆ 800ರ ಚಿನ್ನ ಗೆದ್ದವರು ಕ್ಯೂಬಾದ ಆನಾ ಕಿರೋಟ್. ಎರಡೂವರೆ ವರ್ಷದ ಹಿಂದೆ ಮನೆಯಲ್ಲಿ ಬೆಂಕಿ ತಗುಲಿ ಮೈಯೆಲ್ಲ ಸುಟ್ಟುಕೊಂಡು ಸಾವಿನ ಬಾಗಿಲಿಗೆ ಹೋಗಿ ಬಂದವರು. ಆ ತಲೆಮಾರಿನ ಮಧ್ಯಮ ದೂರದ ಓಟಗಾರ್ತಿಯರ ಬಗ್ಗೆ ಬರೆಯುವಾಗ ಯಾರದಾದರೂ ದೇಹದ ನೋವಿನ ಕಥೆ ಅಡ್ಡ ಬಾರದೆ ಇರುವುದಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೋಮ್ಸ್ ಮಾಂಟೆ ಕಾರ್ಲೋದಲ್ಲಿ 800 ಮೀಟರನ್ನು 1 ನಿಮಿಷ 56.21 ಸೆಕೆಂಡುಗಳಲ್ಲಿ ಓಡಿದರು.

ಈ ಎರಡು ಸಮಯಗಳನ್ನು, 1995ರ 1:56.21 ಮತ್ತು 1997ರ 3:58.07, ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ನನ್ನ ಮಾತೆಲ್ಲ ನಿಂತಿರುವುದು ಅವುಗಳ ಮೇಲೆಯೇ.

ಅನಂತರ ಬಂದದ್ದು ಗಾಯಗಳ ಸಾಲು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅವರು ಓಡಿದ್ದು ಕಾಲಿನ ಮೂಳೆಯಲ್ಲಿ ಬಿರುಕು ಇಟ್ಟುಕೊಂಡು. ಸತತ ಓಟದ ಒತ್ತಡದಿಂದ ಮೂಳೆಯಲ್ಲಿ ಹುಟ್ಟುವ ಇಂಥ ಕೂದಲೆಳೆಯ ಬಿರುಕು ವಿಶ್ರಾಂತಿಯಿಂದ ಮಾತ್ರ ಕೂಡಿಕೊಳ್ಳುತ್ತದೆ. ಒಲಿಂಪಿಕ್ಸ್ ನಾಲ್ಕು ವರ್ಷಕ್ಕೊಮ್ಮೆ ಬರುವುದರಿಂದ ವಿಶ್ರಾಂತಿಯ ಮಾತನ್ನು ಆಗ ಯಾರು ತಾನೇ ಕೇಳುತ್ತಾರೆ? 800 ಮೀಟರ್ ಫೈನಲ್‌ನಲ್ಲಿ ಅವರು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಅಂತರದಿಂದ ಕಂಚು ತಪ್ಪಿಸಿಕೊಂಡು ನಾಲ್ಕನೆಯವರಾದರು, 1500ರಲ್ಲಿ ಹನ್ನೊಂದನೆಯವರು. ಮರುವರ್ಷ ಅಥೆನ್ಸ್. 1998ರಲ್ಲಿ ಕ್ವಾಲಾಲಂಪುರದ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ.

ಮಧ್ಯಮ ದೂರದ ಓಟ ದೇಹದಿಂದ ಏನನ್ನು ಕೇಳುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನೂರು ಮೀಟರಿನ ಓಟಗಾರರಿಗೆ ಬೇಕಾದದ್ದು ಸ್ಫೋಟಕ ಶಕ್ತಿ. ಮ್ಯಾರಥಾನ್ ಓಟಗಾರರಿಗೆ ಬೇಕಾದದ್ದು ಗಂಟೆಗಟ್ಟಲೆ ಆಮ್ಲಜನಕವನ್ನು ಮಿತವಾಗಿ ಬಳಸುವ ಶಿಸ್ತು. 800 ಮತ್ತು 1500ಕ್ಕೆ ಎರಡೂ ಬೇಕು. ವಾರವಿಡೀ ದೂರದ ಓಟ ಓಡಿ ಸಹನೆ ಕಟ್ಟಬೇಕು, ಜೊತೆಗೆ ಮೊಳೆಬೂಟು ತೊಟ್ಟು, ಮುಂಗಾಲಿನ ಮೇಲೆ, ತಿರುವುಗಳಲ್ಲಿ ಒಂದೇ ಕಡೆಗೆ ಬಾಗಿ, ಪೂರ್ಣ ವೇಗಕ್ಕೆ ಹತ್ತಿರದ ವೇಗದಲ್ಲಿ ಮತ್ತೆ ಮತ್ತೆ ಓಡಬೇಕು. ಆ ಭಾರವನ್ನೆಲ್ಲ ಹೊರುವುದು ಮೀನಖಂಡ ಮತ್ತು ಅದನ್ನು ಹಿಮ್ಮಡಿಗೆ ಕಟ್ಟುವ ಸ್ನಾಯುರಜ್ಜು. ಹೋಮ್ಸ್ ಅವರ ದೇಹದಲ್ಲಿ ಪದೇ ಪದೇ ಕೈಕೊಟ್ಟದ್ದೂ ಅವೇ. ತರಬೇತಿ ಹೆಚ್ಚಿದಷ್ಟೂ ಓಟ ಸುಧಾರಿಸುತ್ತದೆ, ಗಾಯದ ಅಪಾಯವೂ ಹೆಚ್ಚುತ್ತದೆ. ಯಾವ ಹಂತದಲ್ಲಿ ನಿಲ್ಲಬೇಕೆಂಬುದು ಬಹಳ ಸಲ ಗೆರೆ ದಾಟಿದ ಮೇಲಷ್ಟೇ ತಿಳಿಯುತ್ತದೆ.

ನಾನು ಅತ್ಯಂತ ಗೌರವದಿಂದ ಕಾಣುವ ಅವರ ಓಟ ಅಥೆನ್ಸ್‌ನದಲ್ಲ, 2000ದ ಸಿಡ್ನಿ ಒಲಿಂಪಿಕ್ಸ್‌ನ 800 ಮೀಟರ್ ಫೈನಲ್. ಆ ವರ್ಷದ ದೊಡ್ಡ ಭಾಗ ಗಾಯದಲ್ಲೇ ಕಳೆದುಹೋಗಿ, ಬೆರಳೆಣಿಕೆಯ ವಾರಗಳ ತರಬೇತಿಯ ಮೇಲೆ ಅವರು ಅಲ್ಲಿಗೆ ಹೋಗಿದ್ದರು. ಅಂಥ ಸ್ಥಿತಿಯಲ್ಲಿ ಇದ್ದವರು ಹಿಂದೆ ಅವಿತುಕೊಂಡು ಓಡಿ, ಸಿಕ್ಕಿದ್ದು ಸಿಗಲಿ ಎಂದುಕೊಳ್ಳಬಹುದಿತ್ತು. ಹೋಮ್ಸ್ ಮುನ್ನಡೆಗೇ ಕೈಹಾಕಿದರು. ಕೊನೆಯ ಕೆಲವು ಮೀಟರುಗಳಲ್ಲಿ ಮೊಜಾಂಬಿಕ್‌ನ ಮಾರಿಯಾ ಮುಟೋಲಾ ಮತ್ತು ಆಸ್ಟ್ರಿಯಾದ ಸ್ಟೆಫನಿ ಗ್ರಾಫ್ ಇಬ್ಬರೂ ಹೋಮ್ಸ್ ಅವರನ್ನು ದಾಟಿ ಮುಂದೆ ಹೋದರು. ಮುಟೋಲಾ 1:56.15, ಗ್ರಾಫ್ 1:56.64, ಹೋಮ್ಸ್ 1:56.80. ಮುಟೋಲಾ ಅವರದು ಅವರ ದೇಶದ ಮೊಟ್ಟಮೊದಲ ಒಲಿಂಪಿಕ್ ಚಿನ್ನವಾಗಿತ್ತು, ಆದ್ದರಿಂದ ಆ ರಾತ್ರಿಯ ಕಥೆ ನ್ಯಾಯವಾಗಿಯೇ ಅವರದಾಯಿತು. ಆದರೆ ಹೋಮ್ಸ್ ಅವರ ಕಂಚಿನ ಹಿಂದಿದ್ದ ಧೈರ್ಯವನ್ನು ಅಳೆಯಬೇಕಾದರೆ, ಸಾಕಷ್ಟು ತಯಾರಿಯಿಲ್ಲದ ದೇಹಕ್ಕೆ ಕೊನೆಯ ನೂರು ಮೀಟರಿನಲ್ಲಿ ಏನಾಗುತ್ತದೆಂದು ಆಕೆಗೆ ಚೆನ್ನಾಗಿ ತಿಳಿದಿತ್ತು ಎಂಬುದನ್ನು ಮರೆಯಬಾರದು.

2002ರಲ್ಲಿ ಮ್ಯಾಂಚೆಸ್ಟರ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮತ್ತೆ 1500 ಮೀಟರ್ ಚಿನ್ನ, ಮ್ಯೂನಿಕ್‌ನ ಯುರೋಪಿಯನ್ ಕೂಟದಲ್ಲಿ 800ರಲ್ಲಿ ಕಂಚು. ಬಳಿಕ ಅವರು ಜೋಹಾನ್ಸ್‌ಬರ್ಗ್‌ಗೆ ಹೋಗಿ, ಮುಟೋಲಾ ಅವರ ತರಬೇತುದಾರರಾಗಿದ್ದ ಮಾರ್ಗೋ ಜೆನ್ನಿಂಗ್ಸ್ ಅವರ ಮಾರ್ಗದರ್ಶನದಲ್ಲಿ, ತನ್ನ ಅತಿ ದೊಡ್ಡ ಎದುರಾಳಿಯ ಜೊತೆಯಲ್ಲೇ ತಾಲೀಮು ನಡೆಸತೊಡಗಿದರು.

2003ರ ಬೇಸಿಗೆಯ ಬಗ್ಗೆ ಬರೆಯುವಾಗ ಎಚ್ಚರ ಬೇಕು. ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್‌ಗೆ ಮುಂಚೆ ಫ್ರಾನ್ಸಿನ ಪಿರನೀಸ್ ಬೆಟ್ಟಗಳಲ್ಲಿರುವ ಫಾಂಟ್ ರೋಮ್ಯೂ ಎಂಬ ಎತ್ತರದ ಊರಿನ ತರಬೇತಿ ಶಿಬಿರದಲ್ಲಿದ್ದಾಗ ಮತ್ತೆ ಗಾಯವಾಯಿತು. ಹೋಮ್ಸ್ ತೀವ್ರ ಖಿನ್ನತೆಗೆ ಬಿದ್ದರು, ತನ್ನ ದೇಹವನ್ನು ತಾನೇ ಗಾಯಗೊಳಿಸಿಕೊಳ್ಳುವ ಸ್ಥಿತಿ ತಲುಪಿದರು. ಪಕ್ಕದ ಕೋಣೆಗಳಲ್ಲಿದ್ದ ತಂಡದವರಿಗೆ ಅದು ತಿಳಿಯಲಿಲ್ಲ, ತಿಳಿಯದಂತೆ ಅವರು ನೋಡಿಕೊಂಡರು. ಖಿನ್ನತೆಯೆಂದು ವೈದ್ಯರು ಗುರುತಿಸಿದ ಮೇಲೂ, ಓಟದ ಮೇಲೆ ಪರಿಣಾಮವಾದೀತೆಂಬ ಕಾರಣದಿಂದ ಅದಕ್ಕೆ ಔಷಧಿ ತೆಗೆದುಕೊಳ್ಳಲಿಲ್ಲ. ಆ ಆಗಸ್ಟ್‌ನಲ್ಲೇ ಪ್ಯಾರಿಸ್‌ನಲ್ಲಿ 800 ಮೀಟರ್ ಓಡಿ, ಮುಟೋಲಾ ಅವರ ಹಿಂದೆ ಬೆಳ್ಳಿ ಗೆದ್ದರು. ಆ ಪದಕದ ಚಿತ್ರಗಳಲ್ಲಿ ಅವರು ನಗುತ್ತಿದ್ದಾರೆ. ಈ ಸಂಗತಿಗಳನ್ನೆಲ್ಲ ಹೋಮ್ಸ್ ತಾವಾಗಿಯೇ ಹೊರಗೆ ಹೇಳಿದ್ದು 2005ರಲ್ಲಿ. ಆ ಕಾಲಕ್ಕೆ ಒಲಿಂಪಿಕ್ ಚಾಂಪಿಯನ್ ಒಬ್ಬರು ಇಂಥದ್ದನ್ನು ಹೇಳಿಕೊಳ್ಳುವುದು ಸುಲಭದ ಮಾತಾಗಿರಲಿಲ್ಲ.

2004ರ ಮಾರ್ಚ್‌ನಲ್ಲಿ ಬುಡಾಪೆಸ್ಟ್‌ನ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್‌ನ 1500 ಮೀಟರ್ ಫೈನಲ್‌ನಲ್ಲಿ ಎಡವಿ ಬಿದ್ದು ಪದಕದಿಂದ ದೂರ ಉಳಿದರು. ಆದರೆ ಆ ವರ್ಷ ಅವರಿಗೆ ಹಿಂದೆಂದೂ ಸಿಗದಿದ್ದ ಒಂದು ವಸ್ತು ಸಿಕ್ಕಿತು: ಒಲಿಂಪಿಕ್ಸ್‌ವರೆಗೆ ದೊಡ್ಡ ಗಾಯವಿಲ್ಲದ ತರಬೇತಿ. ಅಥೆನ್ಸ್‌ನಲ್ಲಿ ಅವರ ಮುಖ್ಯ ಗುರಿ 1500 ಮೀಟರ್. 800ರಲ್ಲೂ ಓಡುವುದೋ ಬೇಡವೋ ಎಂಬುದನ್ನು ತೀರಾ ಕೊನೆಗೆ ನಿರ್ಧರಿಸಿದರು. ಎರಡನ್ನೂ ಆರಿಸಿಕೊಂಡರೆ ಆಗಸ್ಟ್ 20ರಿಂದ 28ರವರೆಗಿನ ಒಂಬತ್ತು ದಿನಗಳಲ್ಲಿ ಆರು ಓಟ ಓಡಬೇಕಾಗಿತ್ತು.

ಆಗಸ್ಟ್ 23ರ 800 ಮೀಟರ್ ಫೈನಲ್ ಅನ್ನು ಹತ್ತಿರದಿಂದ ನೋಡೋಣ. ಅಮೆರಿಕದ ಜೆರಲ್ ಮೈಲ್ಸ್ ಕ್ಲಾರ್ಕ್ ಗುಂಪನ್ನು ಬಿರುಸಾಗಿ ಎಳೆದೊಯ್ದರು; ಮೊದಲ ಸುತ್ತು 56 ಸೆಕೆಂಡುಗಳ ಆಸುಪಾಸಿನಲ್ಲಿ ಮುಗಿಯಿತು. ಹೋಮ್ಸ್ ಹಿಂಭಾಗದಲ್ಲಿದ್ದರು. ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ಅವರಿದ್ದ ಜಾಗ ನೋಡಿದರೆ ಸೋತರೆಂದೇ ಅನ್ನಿಸುತ್ತಿತ್ತು. ಎರಡನೆಯ ಸುತ್ತಿನಲ್ಲಿ ಅವರು ಹೊರಗಿನಿಂದ ಒಬ್ಬೊಬ್ಬರನ್ನೇ ದಾಟುತ್ತಾ ಬಂದು, ಕೊನೆಯ ನೇರದಲ್ಲಿ ಮುಟೋಲಾ ಅವರ ಭುಜಕ್ಕೆ ಭುಜ ಕೊಟ್ಟರು. ಕೊನೆಯಲ್ಲಿ ಸಿಡಿದು ಬಂದರು ಎಂದು ನೋಡಿದವರೆಲ್ಲ ಹೇಳುತ್ತಾರೆ, ಗಡಿಯಾರ ಹಾಗೆ ಹೇಳುವುದಿಲ್ಲ. ಅವರ ಒಟ್ಟು ಸಮಯ 1:56.38, ಅರ್ಧ ಎಂದರೆ 58.19. ಅವರು ಎರಡೂ ಸುತ್ತುಗಳನ್ನು ಬಹುಮಟ್ಟಿಗೆ ಸಮ ವೇಗದಲ್ಲಿ ಓಡಿದ್ದರು. ಮುಂದಿದ್ದವರು ಮೊದಲ ಸುತ್ತಿನ ಸಾಲವನ್ನು ಎರಡನೆಯ ಸುತ್ತಿನಲ್ಲಿ ತೀರಿಸುತ್ತಿದ್ದಾಗ ಹೋಮ್ಸ್ ಅವರೆಲ್ಲರಿಗಿಂತ ಕಡಿಮೆ ನಿಧಾನವಾದರು, ಅಷ್ಟೆ. ಒಲಿಂಪಿಕ್ ಫೈನಲ್‌ನಲ್ಲಿ ಏಳು ಮಂದಿ ಮುಂದೆ ಓಡಿಹೋಗುತ್ತಿರುವಾಗ ತನ್ನ ವೇಗವನ್ನು ತಾನು ಬಿಡದೆ ಇರುವುದು ಎಷ್ಟು ಕಷ್ಟವೆಂದು ಟ್ರ್ಯಾಕಿನಲ್ಲಿ ಎರಡು ಸುತ್ತು ಓಡಿದ ಯಾರಿಗಾದರೂ ಗೊತ್ತಿರುತ್ತದೆ.

ಮೊರಾಕ್ಕೋದ ಹಸ್ನಾ ಬೆನ್‌ಹಸ್ಸಿ ಮತ್ತು ಸ್ಲೊವೇನಿಯಾದ ಯೊಲಾಂಡಾ ಚೆಪ್ಲಾಕ್ ಇಬ್ಬರೂ 1:56.43ರಲ್ಲಿ, ಮುಟೋಲಾ 1:56.51ರಲ್ಲಿ ಗೆರೆ ದಾಟಿದರು. ಮೊದಲ ನಾಲ್ವರ ನಡುವೆ ಇದ್ದದ್ದು ಸೆಕೆಂಡಿನ ನೂರರಲ್ಲಿ ಹದಿಮೂರು ಭಾಗ. ಗೆದ್ದೆನೋ ಇಲ್ಲವೋ ಎಂಬುದು ಹೋಮ್ಸ್ ಅವರಿಗೇ ತಿಳಿದಿರಲಿಲ್ಲ. ದೊಡ್ಡ ಪರದೆಯಲ್ಲಿ ಮರುಪ್ರಸಾರ ನೋಡುತ್ತಾ ಅರಳಿದ ಆ ಕಣ್ಣುಗಳೇ ಮುಂದೆ ಪತ್ರಿಕೆಗಳ ಮುಖಪುಟಗಳಲ್ಲಿ ಬಂದವು. ಬ್ರಿಟಿಷ್ ಮಹಿಳೆಯೊಬ್ಬರು ಒಲಿಂಪಿಕ್ 800 ಗೆದ್ದದ್ದು 1964ರ ಟೋಕಿಯೋದಲ್ಲಿ ಆ್ಯನ್ ಪ್ಯಾಕರ್ ಗೆದ್ದ ಮೇಲೆ ಅದೇ ಮೊದಲು.

ಐದು ದಿನಗಳ ನಂತರ 1500ರ ಫೈನಲ್. ಅದರ ಹಿಂದಿನ ರಾತ್ರಿ ಅದೇ ಕ್ರೀಡಾಂಗಣದಲ್ಲಿ, ಬೆಂಗಳೂರಿನಲ್ಲಿ ತಾಲೀಮು ನಡೆಸುತ್ತಿದ್ದ ಅಂಜು ಬಾಬಿ ಜಾರ್ಜ್ ಲಾಂಗ್ ಜಂಪ್ ಫೈನಲ್‌ನಲ್ಲಿ 6.83 ಮೀಟರ್ ಜಿಗಿದಿದ್ದರು. ನಮ್ಮಲ್ಲಿ ಅನೇಕರು ಆ ವಾರ ಅಥೆನ್ಸ್‌ನ ಟ್ರ್ಯಾಕನ್ನು ಕಣ್ಣಿಟ್ಟು ನೋಡಿದ್ದು ಅಂಜು ಅವರಿಗಾಗಿ. ಹೋಮ್ಸ್ ಮತ್ತೆ ಹಿಂದೆ ಉಳಿದು, ಮತ್ತೆ ಕಾದು, ಕೊನೆಯ ನೇರದಲ್ಲಿ ರಷ್ಯಾದ ತಾತ್ಯಾನಾ ತೊಮಾಶೋವಾ ಅವರನ್ನು ದಾಟಿದರು. ಸಮಯ 3:57.90, ಹೊಸ ಬ್ರಿಟಿಷ್ ದಾಖಲೆ. ಒಂದೇ ಒಲಿಂಪಿಕ್ಸ್‌ನಲ್ಲಿ ಈ ಎರಡೂ ಓಟಗಳನ್ನು ಗೆದ್ದ ಇನ್ನೊಬ್ಬ ಬ್ರಿಟಿಷ್ ಓಟಗಾರರೆಂದರೆ 1920ರ ಆಂಟ್‌ವರ್ಪ್‌ನಲ್ಲಿ ಗೆದ್ದ ಆಲ್ಬರ್ಟ್ ಹಿಲ್. ಅವರೂ ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದ ಸೈನಿಕರೇ. ಆ ಎರಡೂ ಫೈನಲ್‌ಗಳ ಬಗ್ಗೆ ಇನ್ನೊಂದು ಮಾತನ್ನೂ ಸೇರಿಸಲೇಬೇಕು. 800ರ ಕಂಚು ಗೆದ್ದ ಚೆಪ್ಲಾಕ್ 2007ರಲ್ಲಿ ಇಪಿಒ ಎಂಬ ನಿಷೇಧಿತ ಮದ್ದು ಬಳಸಿದ್ದಕ್ಕಾಗಿ, 1500ರ ಬೆಳ್ಳಿ ಗೆದ್ದ ತೊಮಾಶೋವಾ 2008ರಲ್ಲಿ ಪರೀಕ್ಷೆಯ ಮಾದರಿಗಳನ್ನು ಬದಲಾಯಿಸಿದ ಪ್ರಕರಣದಲ್ಲಿ ನಿಷೇಧಕ್ಕೆ ಒಳಗಾದರು.

ಈಗ ಮೊದಲು ಹೇಳಿದ ಸಮಯಗಳಿಗೆ ಬರುತ್ತೇನೆ. 2004ರಲ್ಲಿ ಚಿನ್ನ ತಂದ 1:56.38 ಅವರ ಶ್ರೇಷ್ಠ ಸಮಯವಲ್ಲ. 1995ರಲ್ಲಿ, 25ರ ವಯಸ್ಸಿನಲ್ಲಿ, ಅವರು ಅದಕ್ಕಿಂತ ವೇಗವಾಗಿ ಓಡಿದ್ದರು. 2004ರ 3:57.90 ಮತ್ತು 1997ರ 3:58.07ರ ನಡುವಿನ ವ್ಯತ್ಯಾಸ ಸೆಕೆಂಡಿನ ನೂರರಲ್ಲಿ ಹದಿನೇಳು ಭಾಗ. ಅಂದರೆ ಚಾಂಪಿಯನ್ ಆಗುವ ಶಕ್ತಿ ಅವರಲ್ಲಿ ಒಂಬತ್ತು ವರ್ಷ ಮೊದಲೇ ಇತ್ತು. ಶಾಲಾ ಸಮಾರಂಭಗಳಲ್ಲಿ, ಪ್ರೇರಣೆಯ ಭಾಷಣಗಳಲ್ಲಿ, ಹೋಮ್ಸ್ ಅವರನ್ನು ಛಲ ಬಿಡದಿದ್ದರೆ ಫಲ ಸಿಕ್ಕೇ ಸಿಗುತ್ತದೆ ಎಂಬುದಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ಇದನ್ನು ನಾನು ಒಪ್ಪಲಾರೆ. ಅವರ ಛಲ 1996ರಲ್ಲಿ, 1997ರಲ್ಲಿ, 2000ದಲ್ಲಿ ಒಂದಿಷ್ಟೂ ಕಡಿಮೆಯಿರಲಿಲ್ಲ. ಕಡಿಮೆಯಿದ್ದದ್ದು ಗಾಯವಿಲ್ಲದ ಕೆಲವು ತಿಂಗಳುಗಳು, ಮತ್ತು ಅವು ಕೇಳಿದರೆ ಸಿಗುವಂಥವಲ್ಲ. ಛಲಕ್ಕೆ ಫಲ ಖಚಿತವೆಂದು ಹೇಳಿದಾಗ, ಅಷ್ಟೇ ದುಡಿದು ಫಲ ಕಾಣದೆ ಹೋದ ನೂರಾರು ಓಟಗಾರರಿಗೆ ಛಲವಿರಲಿಲ್ಲವೆಂದು ಹೇಳಿದ ಹಾಗಾಗುತ್ತದೆ. 34ರಲ್ಲಿ ಇನ್ನೊಂದು ಗಾಯವಾಗಿ ಅವರು ಬರಿಗೈಯಲ್ಲಿ ನಿವೃತ್ತರಾಗಿದ್ದರೂ ಅವರ ಹಿಂದಿನ ಹತ್ತು ವರ್ಷಗಳ ಮೌಲ್ಯ ಇಷ್ಟೇ ಇರುತ್ತಿತ್ತು.

ಗಾಯಗಳ ಜೊತೆಗೆ ಅವರು ಹೊತ್ತು ಓಡುತ್ತಿದ್ದ ಇನ್ನೊಂದು ಭಾರವಿತ್ತು. 2022ರ ಜೂನ್‌ನಲ್ಲಿ, 52ರ ವಯಸ್ಸಿನಲ್ಲಿ, ತಾನು ಸಲಿಂಗಪ್ರೇಮಿ ಎಂದು ಅವರು ಬಹಿರಂಗವಾಗಿ ಹೇಳಿದರು. ಅದು ತನಗೆ ಸೈನ್ಯ ಸೇರಿದ ಕಾಲದಿಂದಲೇ ತಿಳಿದಿತ್ತು ಎಂದರು. ಬ್ರಿಟಿಷ್ ಸೇನಾಪಡೆಗಳಲ್ಲಿ ಸಲಿಂಗಪ್ರೇಮಿಗಳಿಗೆ 2000ದ ಜನವರಿಯವರೆಗೂ ನಿಷೇಧವಿತ್ತು. ಸೇನಾ ಪೊಲೀಸರು ವಸತಿಗೃಹಗಳಿಗೆ ಬಂದು ಸಾಮಾನು ಸರಂಜಾಮುಗಳನ್ನು ಶೋಧಿಸುತ್ತಿದ್ದರು; ಸಿಕ್ಕಿಬಿದ್ದವರು ಕೆಲಸ ಕಳೆದುಕೊಳ್ಳುತ್ತಿದ್ದರು, ಕೆಲವರು ಜೈಲಿಗೂ ಹೋದರು. ಸೈನ್ಯ ಬಿಟ್ಟು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೂ, ನಿಯಮವೇ ರದ್ದಾದ ಮೇಲೂ, ಹಿಂದಿನದಕ್ಕಾಗಿ ತನ್ನನ್ನು ಈಗ ಶಿಕ್ಷಿಸಬಹುದೇ ಎಂದು ಹೋಮ್ಸ್ ಸೇನೆಯ ಹಿರಿಯರೊಬ್ಬರನ್ನು ವಿಚಾರಿಸಿ ತಿಳಿದುಕೊಂಡರು ಎಂಬುದು ಆ ಭಯದ ಆಳವನ್ನು ತೋರಿಸುತ್ತದೆ. ಒಲಿಂಪಿಕ್ ಚಿನ್ನ, ಬ್ರಿಟನ್ ಮಹಿಳೆಯರಿಗೆ ಕೊಡುವ ಡೇಮ್ ಎಂಬ ಗೌರವ ಪದವಿ, ತವರಿನ ಬೀದಿಗಳಲ್ಲಿ ಸಾವಿರಾರು ಜನರ ಮೆರವಣಿಗೆ, ಇವು ಯಾವುವೂ ಅದನ್ನು ತೊಡೆದು ಹಾಕಲಿಲ್ಲ. 2023ರ ಜುಲೈನಲ್ಲಿ ಬ್ರಿಟನ್ನಿನ ಪ್ರಧಾನಿ ಸಂಸತ್ತಿನಲ್ಲಿ ಆ ನಿಷೇಧಕ್ಕಾಗಿ ಕ್ಷಮೆ ಕೇಳಿದರು. ಫಾಂಟ್ ರೋಮ್ಯೂನಲ್ಲಿ ಅವರು ಯಾರನ್ನೂ ಕರೆಯಲಿಲ್ಲ ಏಕೆ ಎಂದು ಯೋಚಿಸುವಾಗ, ಮುಚ್ಚಿಡುವುದನ್ನು ಹದಿನೆಂಟರಿಂದಲೇ ಕಲಿಯಬೇಕಾಗಿ ಬಂದ ವ್ಯಕ್ತಿ ಅವರೆಂಬುದನ್ನು ನಾನು ಬದಿಗಿಡಲಾರೆ.

2005ರ ಡಿಸೆಂಬರ್‌ನಲ್ಲಿ ಹೋಮ್ಸ್ ನಿವೃತ್ತರಾದರು. ಅವರ 1500ರ ಬ್ರಿಟಿಷ್ ದಾಖಲೆಯನ್ನು 2016ರಲ್ಲಿ ಲಾರಾ ಮ್ಯೂರ್, 1:56.21ರ 800ರ ಬ್ರಿಟಿಷ್ ದಾಖಲೆಯನ್ನು 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಹತ್ತೊಂಬತ್ತು ವರ್ಷದ ಕೀಲಿ ಹಾಜ್‌ಕಿನ್ಸನ್ ಮುರಿದರು. 2024ರ ಪ್ಯಾರಿಸ್‌ನಲ್ಲಿ ಹಾಜ್‌ಕಿನ್ಸನ್ 800ರ ಚಿನ್ನ ಗೆದ್ದರು. ಮರುವರ್ಷದ ಆರಂಭದಲ್ಲೇ ತೊಡೆಯ ಹಿಂಭಾಗದ ಸ್ನಾಯು ಹರಿದು, ಅವರು ತಿಂಗಳುಗಟ್ಟಲೆ ಓಟದಿಂದ ಹೊರಗುಳಿಯಬೇಕಾಯಿತು. ಆಗಸ್ಟ್‌ನಲ್ಲಿ ಮರಳಿದವರೇ 1:54.74ರಲ್ಲಿ ಓಡಿದರು, ಸೆಪ್ಟೆಂಬರ್‌ನಲ್ಲಿ ಟೋಕಿಯೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ತನ್ನ ಜೊತೆಗೇ ತಾಲೀಮು ನಡೆಸುವ ಜಾರ್ಜಿಯಾ ಹಂಟರ್ ಬೆಲ್‌ಗಿಂತ ಸೆಕೆಂಡಿನ ನೂರನೇ ಒಂದು ಭಾಗ ಹಿಂದೆ. ಒಲಿಂಪಿಕ್ ಚಾಂಪಿಯನ್‌ಗೆ ಕಂಚು ಸಾಲದೆಂದು ಕೆಲವರು ಬರೆದರೆ ಆಶ್ಚರ್ಯವಿಲ್ಲ. ಗಾಯದ ವರ್ಷದ ಕಂಚಿಗೆ ಎಷ್ಟು ತೂಕವಿರುತ್ತದೆಂದು ಸಿಡ್ನಿಯ ಆ ಫೈನಲ್ ನೋಡಿದವರು ಹಾಗೆ ಬರೆಯಲಾರರು.